ನನ್ನ ಜರ್ನಲ್ಲಿನ ಕಾಕು

ಕಳೆದ ತಿಂಗಳು ಅಣ್ಣನ ಮಗಳು ಹಾನಗಲ್ಲಿನ ನಮ್ಮ ಮನೆಗೆ ಕಾಲೇಜಿನ ಪ್ರವೇಶ ಪುಸ್ತಿಕೆ ಹಿಡಿದುಕೊಂಡು ಬಂದಳು. ಹೊಸ ಅಚ್ಚಿನ ವಾಸನೆ ಇನ್ನೂ ಹೋಗಿರಲಿಲ್ಲ. ಮನಃಶಾಸ್ತ್ರ, ಅದರ ಕೆಳಗೆ ಆರು ತಿಂಗಳ ಆಪ್ತಸಮಾಲೋಚನೆಯ ಕೋರ್ಸು. ಮನಃಶಾಸ್ತ್ರದ ಮೇಲೆ ಬೆರಳಿಟ್ಟು ಕೇಳಿದಳು: “ಅತ್ತಿ, ನೀ ಇದನ್ನ ಓದೀಯಲ್ಲ, ಏನ್ ಕಲಸ್ತಾರ ಇದರಾಗ?”

ನಾನು ಚಹಾ ಸೋಸುವ ನೆಪದಲ್ಲಿ ಒಳಗೆ ಹೋದೆ.

ನಿಮಗೆ ಹೇಳುವುದಕ್ಕೇನು? ಶಿಗ್ಗಾವಿಯ ಕಾಲೇಜಿನಲ್ಲಿ ಆ ವಿಷಯ ಆರಿಸಿಕೊಂಡ ಎರಡೇ ತಿಂಗಳಲ್ಲಿ ನಾನು ಪಂಡಿತೆಯಾಗಿದ್ದೆ. ಅಪ್ಪನ ಸಿಟ್ಟಿಗೆ ಒಂದು ಹೆಸರು, ಅಣ್ಣನ ಸೋಮಾರಿತನಕ್ಕೆ ಇನ್ನೊಂದು. ಎಮ್ಮೆ ಹಾಲು ಕೊಡದೆ ಒದ್ದರೆ ಅದಕ್ಕೂ ಖಿನ್ನತೆ. “ಮದಲ ಶಗಣಿ ಬಳಿ, ಆಮ್ಯಾಲ ಅದರ ಮನಸ್ಸು ನೋಡೀಯಂತ” ಎಂದಿದ್ದಳು ಅವ್ವ.

ಆ ವರ್ಷ ಪ್ರಾಕ್ಟಿಕಲ್ ಜರ್ನಲ್ಲಿಗೆ ಗೊತ್ತಿರುವ ಒಬ್ಬ ವ್ಯಕ್ತಿಯ ಅಧ್ಯಯನ ಬರೆಯಬೇಕಿತ್ತು. ಯಾರೆಂದು ಗುರುತು ಸಿಗಬಾರದು ಎಂದು ಸರ್ ಎರಡೆರಡು ಸಲ ಹೇಳಿದ್ದರು.

ನನ್ನ ತವರು ದುಂಡಸಿಯಲ್ಲಿ, ನಾವೆಲ್ಲ ಚಿಕ್ಕಮ್ಮನಂತೆ ಕಾಕು ಎಂದು ಕರೆಯುತ್ತಿದ್ದ ಮಗ್ಗಲ ಮನೆಯ ಹೆಂಗಸು ರೊಟ್ಟಿ ಬಡಿದು ಶಿಗ್ಗಾವಿಯ ಖಾನಾವಳಿಗೆ ಕೊಡುತ್ತಿದ್ದರು. ಬೆಳಗಿನ ಬಸ್ಸಿಗೆ ಹೊರಟವರು ಚಿಲಕ ನೋಡಲು ಮೂರು ನಾಲ್ಕು ಸಲ ತಿರುಗಿ ಮನೆಗೆ ಹೋಗುವರು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇರುವನು. ಯಾಕೆ ಹೀಗೆ ಎಂದು ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ. ಕಾಕು ಹಿಟ್ಟು ನಾದುವುದನ್ನು ನಿಲ್ಲಿಸಿದರು. ಹಿಂದೊಮ್ಮೆ ಅವರ ಎರಡು ವರ್ಷದ ಮಗು ತೆರೆದ ಬಾಗಿಲಿನಿಂದ ಹೊರಗೆ ಹೋಗಿ ಕೆರೆಯಲ್ಲಿ ಮುಳುಗಿತ್ತು. ಇಷ್ಟು ಊರಿಗೆಲ್ಲ ಗೊತ್ತಿದ್ದದ್ದೇ.

“ನಮ್ಮತ್ತಿ ಬಾಗಲಾ ತಗದಿಟ್ಟಿದ್ರು ಅಂತ ಎಲ್ಲಾರೂ ತಿಳಕೊಂಡಾರ. ಆ ಮಾತು ಹೊತಗೊಂಡ ಅತ್ತಿ ಸತ್ತರು. ಚಿಲಕಾ ಹಾಕದಾಕಿ ನಾನ. ನಿನ್ನ ಬಿಟ್ಟು ಯಾರ ಮುಂದೂ ಅಂದಿಲ್ಲ ಯವ್ವಾ.”

ನನಗೆ ಸಂಕಟವಾಗಬೇಕಿತ್ತು. ಆಗಲಿಲ್ಲ. ಜರ್ನಲ್ಲಿನಲ್ಲಿ ‘ಕಾರಣ’ ಎಂಬ ಖಾಲಿ ಜಾಗ ತುಂಬಿತಲ್ಲ ಎಂದು ಖುಷಿಯಾಯಿತು. ಹೆಸರೊಂದನ್ನು ಬಿಟ್ಟು ರೊಟ್ಟಿ, ಬಸ್ಸು, ಚಿಲಕ, ಕೆರೆ ಎಲ್ಲ ಬರೆದೆ. ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಹಿಂದಿನ ಬೆಂಚಿನಲ್ಲಿ ನಮ್ಮೂರಿನವರೇ ಇಬ್ಬರಿದ್ದರು.

ವಾರದೊಳಗೆ ಬಸ್ಸಿನಲ್ಲಿ ಅವರಲ್ಲೊಬ್ಬ ಕೂಗಿದ: “ಕಾಕು, ಇವತ್ತರ ಚಿಲಕಾ ಹಾಕೀರಿಲ್ರಿ?” ಜನ ನಕ್ಕರು. ಕಾಕು ಅವನತ್ತ ನೋಡಲಿಲ್ಲ. ನನ್ನತ್ತ ನೋಡಿದರು. ಮರುದಿನದಿಂದ ಆ ಬಸ್ಸು ಹತ್ತಲಿಲ್ಲ.

ಫಲಿತಾಂಶ ಬಂದಾಗ ನಲ್ಲಿಯ ಹತ್ತಿರ ಸಿಕ್ಕರು. “ಮಾರ್ಕ್ಸ್ ಚಲೋ ಬಿದ್ದಾವೇನ?”

“ಹೂಂ, ಕಾಕು.”

“ಆತು ಬಿಡು” ಎಂದು ಕೊಡ ಎತ್ತಿಕೊಂಡು ಹೋದರು. ಆಗಲೂ ನಾನು ಕ್ಷಮೆ ಕೇಳಲಿಲ್ಲ. ಮುಂದೆ ಮದುವೆಯಾಗಿ ಹಾನಗಲ್ಲಿಗೆ ಬಂದೆ. ತವರಿಗೆ ಹೋದಾಗಲೆಲ್ಲ ಹಿತ್ತಲ ಬಾಗಿಲಿನಿಂದಲೇ ಓಡಾಡಿದೆ.

ಚಹಾ ಕೊಟ್ಟು ಎಲ್ಲವನ್ನೂ ಹುಡುಗಿಗೆ ಹೇಳಿದೆ. ಅವಳು ಕೇಳಿದ್ದಿಷ್ಟೇ: “ಕಾಕು ಈಗ ಅದಾರಿಲ್ಲೋ?”

“ಅದಾರ.”

“ಮತ್ತ ನನ್ನ ಮುಂದ ಯಾಕ ಹೇಳಾಕತ್ತೀ ಅತ್ತಿ?”

ಆ ಭಾನುವಾರವೇ ದುಂಡಸಿಗೆ ಹೋಗಿ ತಪ್ಪೊಪ್ಪಿಕೊಂಡೆ. ಕಾಕು ಕಟ್ಟೆಯ ಮೇಲೆ ಕುಳಿತು ಪೂರ್ತಿ ಕೇಳಿಸಿಕೊಂಡರು. “ಅತ್ತಿ ಮ್ಯಾಲಿನ ಮಾತು ಹೋತು, ಅದು ಚಲೋನ ಆತು. ಆದ್ರ ಹೇಳಾಕಿ ನಾ ಆಗಬೇಕಿತ್ತು.” ನನ್ನ ಈ ತಪ್ಪನ್ನು ಬರೆಯಲೇ ಎಂದು ಕೇಳಿದೆ.

“ಬರಿ. ಮದಲ ನನಗ ಓದಿ ಹೇಳು.”

ನಿನ್ನೆ ಹೋಗಿ ಓದಿ ಹೇಳಿದೆ. ಒಂದು ಕಡೆ ಮಾತ್ರ ತಡೆದರು.

“‘ಮಗು, ಮಗು’ ಅಂತೀ. ಆಕಿಗೆ ಹೆಸರಿದ್ದಿಲ್ಲೇನ?”

ಜರ್ನಲ್ಲಿನಲ್ಲಿ ಹನ್ನೊಂದು ಪುಟ ತುಂಬಿಸಿದವಳು ಅದೊಂದನ್ನು ಕೇಳಿಯೇ ಇರಲಿಲ್ಲ. ಈಗ ಕೇಳಿದೆ.

ನೀಲವ್ವ.