ನಲವತ್ತು ಕಿಲೋದ ಮಾತು

ಪೇಟೆಯ ಅಂಗಡಿಯವರೆಲ್ಲ ಅವನನ್ನು ಗುಲಗಂಜಿ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವುದರಲ್ಲಿ ಒಂದಿಷ್ಟು ಪ್ರೀತಿ, ಒಂದಿಷ್ಟು ಹೊಟ್ಟೆಯುರಿ. ತೂಕದ ಮಷೀನು ರಿಪೇರಿ ಅವನ ಕಸುಬು. ಕೆಟ್ಟದ್ದನ್ನು ಸರಿಮಾಡಿ, ತನ್ನ ಕಬ್ಬಿಣದ ತೂಕದ ಕಲ್ಲುಗಳನ್ನು ಒಂದೊಂದಾಗಿ ಏರಿಸಿ ನೋಡಿ, ಗುಲಗಂಜಿಯಷ್ಟು ಆಚೀಚೆಯಾದರೂ ಮತ್ತೆ ಬಿಚ್ಚಿಕೊಂಡು ಕೂರುವ ಜಾತಿ. ಹತ್ತು ಗ್ರಾಂ ತನ್ನ ಕಡೆಗೆ ವಾಲಿಸಿಕೊಡು ಎಂದು ಗೋಗರೆದ ದಿನಸಿ ವ್ಯಾಪಾರಿಗೆ ಚೀಲ ಹೆಗಲಿಗೇರಿಸಿ ಬೆನ್ನು ತೋರಿಸಿ ಬಂದವನು. ಅಂಥವನು ಸ್ವಂತ ಮನೆಯ ಮಷೀನಿಗೆ ಸುಳ್ಳು ಹೇಳಲು ಕಲಿಸಿದ ಎಂದರೆ ಯಾರು ನಂಬುತ್ತಾರೆ? ಆದರೂ ಕಲಿಸಿದ, ಅದೂ ಎರಡು ಸಲ.

ಅವನ ತಾಯಿ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತವಳು. ಗಂಡ ಬೇಗ ಹೋದ, ಒಬ್ಬನೇ ಮಗ. ಎದುರಿಗಿದ್ದವರ ಮಾತಿಗಿಂತ ತಕ್ಕಡಿಯ ಮುಳ್ಳು ತೋರಿಸಿದ್ದನ್ನು ನಂಬುವುದು ಅವಳ ರೂಢಿ. ಮಗನಿಗೆ ಕಸುಬಿನ ಹುಚ್ಚು ಹತ್ತಿದ್ದೂ ಆ ಕೌಂಟರಿನ ಹಿಂದೆಯೇ. ಜೀವಮಾನದಲ್ಲಿ ಒಂದು ದಮ್ಮು ಹೊಗೆ ಎಳೆದವಳಲ್ಲ. ಶ್ವಾಸಕೋಶದ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದಾಗ, ಇದು ವಿಳಾಸ ತಪ್ಪಿ ಬಂದಿರಬೇಕು, ಇನ್ನೊಮ್ಮೆ ನೋಡಿ ಎಂದು ಫೈಲನ್ನು ಮೇಜಿನ ಮೇಲೆ ಅತ್ತ ತಳ್ಳಿದ್ದಳು. ಡಾಕ್ಟರು ನಗಬೇಕೋ ಬೇಡವೋ ತಿಳಿಯದೆ ಕನ್ನಡಕ ಒರೆಸಿಕೊಂಡರು.

ಮೂರು ವಾರಕ್ಕೊಂದರಂತೆ ಆರು ಸಲ ಕೀಮೊ ಎಂದು ಗೊತ್ತಾಯಿತು. ಎರಡು ಮುಗಿಯುವಷ್ಟರಲ್ಲಿ ಐವತ್ತೆರಡು ಕಿಲೋ ಇದ್ದ ಹೆಂಗಸು ನಲವತ್ತೊಂದಕ್ಕೆ ಇಳಿದಳು. ಬಾಯಿತುಂಬ ಹುಣ್ಣು, ನೀರು ಕುಡಿದರೂ ತುಕ್ಕಿನ ರುಚಿ. ಒಂದು ಭಾನುವಾರ ಬೆಳಿಗ್ಗೆ ಅವಳು ಮಗನನ್ನು ಹತ್ತಿರ ಕೂರಿಸಿಕೊಂಡಳು.

"ನೋಡಪ್ಪಾ, ನಲವತ್ತರ ತನಕ ನಾನು ತಡ್ಕೋತೀನಿ. ಅದರ ಕೆಳಗೆ ಹೋದ್ರೆ ಸಾಕು ಅನ್ನಬೇಕು, ನನ್ನನ್ನ ಬಿಟ್ಬಿಡಬೇಕು. ಮಾತು ಕೊಡು."

ಅವನು ಕೊಟ್ಟ. ನಲವತ್ತೇ ಏಕೆ ಎಂದು ಕೇಳಲಿಲ್ಲ. ಪಾರ್ಸೆಲ್ಲಿಗೆ ಒಂದು ಮಿತಿ ಇದ್ದಂತೆ ತನಗೂ ಒಂದಿರಲಿ ಎಂದು ಅವಳು ಅಂದುಕೊಂಡಿರಬೇಕು. ಅಂದಿನಿಂದ ಅವಳು ದಿನಾ ಬೆಳಿಗ್ಗೆ ಬಚ್ಚಲುಮನೆಯ ಪಕ್ಕದ ಮಷೀನಿನ ಮೇಲೆ ನಿಲ್ಲತೊಡಗಿದಳು. ಹತ್ತುವ ಮುಂಚೆ ಬಗ್ಗಿ, ಅದು ಶೂನ್ಯ ತೋರಿಸುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವಳು. ಕೌಂಟರಿನ ಅಭ್ಯಾಸ, ಹೋಗುತ್ತದೆಯೇ!

ಮೂರನೆಯ ಕೀಮೊಗೆ ಎರಡು ದಿನ ಮುಂಚೆ, ಅವಳಿಗೆ ಸ್ನಾನಕ್ಕೆ ಕೈಹಿಡಿದು ಕರೆದೊಯ್ಯುವಾಗಲೇ ಗುಲಗಂಜಿಗೆ, ನಲವತ್ತರ ಕೆಳಗಿಳಿದಳೇನೋ ಎಂದು ಅನುಮಾನ ಬಂತು. ಎತ್ತಿ ಇಳಿಸುವುದೇ ಕಸುಬಾದವನ ಕೈಗೆ ತೂಕ ಗೊತ್ತಾಗದೇ? ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಷೀನಿನ ತಳ ಬಿಚ್ಚಿದ. ಹತ್ತೊಂಬತ್ತು ಕಿಲೋ ಕಲ್ಲು ಏರಿಸಿ, ಇದು ಇಪ್ಪತ್ತು ಎಂದು ಅದಕ್ಕೆ ಪಾಠ ಮಾಡಿದ. ಹಾಗೆ ಮಾಡಿದರೆ ಶೂನ್ಯ ಶೂನ್ಯವಾಗಿಯೇ ಇರುತ್ತದೆ, ಮೇಲಿನದೆಲ್ಲ ಉಬ್ಬುತ್ತದೆ. ಕಸುಬಿನವನಿಗಲ್ಲದೆ ಬೇರೆ ಯಾರಿಗೂ ಹೊಳೆಯದ ಕಳ್ಳತನ. ಅವಳು ಬಂದು ಬಗ್ಗಿ ನೋಡಿ ಹತ್ತಿದಳು. ನಲವತ್ತೊಂದು ಪಾಯಿಂಟ್ ನಾಲ್ಕು.

"ಪರವಾಗಿಲ್ವೇ," ಎಂದಳು. ಆ ಮುಖದ ಮೇಲೆ ಬಂದ ಸಣ್ಣ ಗೆಲುವನ್ನು ನೋಡಿ ಅವನಿಗೆ ಅಳುವೇ ಬಂತು.

ಆಸ್ಪತ್ರೆಯಲ್ಲಿ ಮೂವತ್ತೊಂಬತ್ತೂವರೆ ಬಂತು. ಅವಳು ತಟ್ಟನೆ ಮಗನ ಕಡೆ ತಿರುಗಿದಳು. ದಿನಕ್ಕೆ ನೂರು ಜನ ತುಳಿಯುವ ಮಷೀನು, ನೆಲವೂ ಸಮ ಇಲ್ಲ, ಕಡಿಮೆಯೇ ತೋರಿಸುತ್ತದೆ ಎಂದು ಅವನು ಅವಳ ಕಿವಿಯಲ್ಲಿ ಹೇಳಿದ. ಊರಿಗೆಲ್ಲ ತೂಕ ತಿದ್ದುವ ಮಗ ಹೇಳಿದ ಮೇಲೆ ಮುಗಿಯಿತು. ಅವಳು ನೆಮ್ಮದಿಯಾಗಿ ಹೋಗಿ ಡ್ರಿಪ್ಪಿಗೆ ತೋಳು ಚಾಚಿದಳು.

ಅಲ್ಲಿಂದ ಅವನ ತಲೆ ಕೆಟ್ಟು ಗೊಬ್ಬರವಾಯಿತು. ಸ್ಕ್ಯಾನಿನಲ್ಲಿ ಗಡ್ಡೆ ಒಂದು ಕಡೆ ಕುಗ್ಗಿದೆ, ಇನ್ನೊಂದು ಕಡೆ ಏನೋ ಮಬ್ಬಾಗಿದೆ, ನೋಡೋಣ ಎಂದರು ಡಾಕ್ಟರು. ಒಳ್ಳೆಯದೋ ಕೆಟ್ಟದ್ದೋ? ನೋಡೋಣ. ಆ 'ನೋಡೋಣ' ಎಷ್ಟು ಗ್ರಾಂ ಎಂದು ಅವನಿಗೆ ಅಂದಾಜೇ ಸಿಗಲಿಲ್ಲ. ಒಂದು ದಿನ ತಾಯಿ ಎದ್ದು ಹೂಕುಂಡಗಳಿಗೆ ನೀರು ಹಾಕುವಳು, ಮರುದಿನ ಗೋಡೆ ಕಡೆ ತಿರುಗಿ ಮಲಗಿದವಳು ಕರೆದರೂ ಓಗೊಡಳು. ಬೆಳಿಗ್ಗೆ ತಾನೇ ತಿದ್ದಿದ ಅಂಕಿ ನೋಡಿ, ಅಬ್ಬಾ ಇಳಿದಿಲ್ಲ ಎಂದು ಒಂದು ಗಳಿಗೆ ತಾನೇ ಹಿಗ್ಗುವನು. ಆಮೇಲೆ ನೆನಪಾಗಿ ಇಂಗು ತಿಂದ ಮಂಗನಂತೆ ನಿಲ್ಲುವನು. ಹೆಂಡತಿ ಬೇರೆ ಒಂದು ದಿನ ಅದೇ ಮಷೀನು ಹತ್ತಿ, ಮೂರು ಕಿಲೋ ಏರಿದ್ದು ಕಂಡು, ರಾತ್ರಿಯೂಟ ಬಿಟ್ಟು ಕೂತಳು. ತಿನ್ನು ಎಂದರೆ ಸಿಡುಕುವಳು, ಮಷೀನೇ ಸುಳ್ಳು ಎನ್ನಲು ಇವನಿಗೆ ಬಾಯಿಲ್ಲ. ಅತ್ತೆಯ ಉಂಗುರ ಬೆರಳಿನಿಂದ ಜಾರುತ್ತಿದೆ ಎಂದು ಅದಕ್ಕೆ ದಾರ ಸುತ್ತಿಕೊಟ್ಟವಳೂ ಅವಳೇ. ಅತ್ತೆ ಮಾತ್ರ, ಉಂಗುರ ಸವೆದಿದೆ ಕಣೇ, ನಾನು ನಲವತ್ತೊಂದರಲ್ಲೇ ಇದ್ದೀನಿ ಎಂದು ಸಾಧಿಸಿದಳು.

ನಾಲ್ಕನೆಯದಕ್ಕೆ ಮುಂಚೆ ಆ ಸುಳ್ಳೂ ಸಾಲದಾಯಿತು. ಈ ಸಲ ಹದಿನೆಂಟನ್ನು ಇಪ್ಪತ್ತು ಮಾಡಿದ, ಆಸ್ಪತ್ರೆಯಲ್ಲಿ ಮತ್ತೆ ಅದೇ ನೆಲದ ನೆಪ ಹೇಳಿದ. ತಾನು ಮಾಡುತ್ತಿರುವುದು ತಾಯಿಯನ್ನು ಉಳಿಸುವುದೋ ಹಿಂಸಿಸುವುದೋ ಅವನಿಗೆ ತಲೆಬುಡ ತಿಳಿಯಲಿಲ್ಲ. ಒಂದು ಮಾತ್ರ ಗೊತ್ತಿತ್ತು. ಅವಳಿಲ್ಲದ ಮನೆಯನ್ನು ಯೋಚಿಸಲು ತನ್ನಿಂದಾಗದು.

ಐದನೆಯ ಸರದಿಗೆ ಹೋದಾಗ ಆಸ್ಪತ್ರೆಯ ಮಷೀನು ಮೂವತ್ತೇಳು ಪಾಯಿಂಟ್ ಎರಡು ಎಂದಿತು. ನರ್ಸ್ ಬರೆದುಕೊಳ್ಳುವಷ್ಟರಲ್ಲಿ ತಾಯಿಗೆ ಮೂವತ್ತೊಂದು ವರ್ಷದ ಕೌಂಟರು ಮೈಮೇಲೆ ಬಂತು. ನಿಮ್ಮ ಮಷೀನು ನಾಲ್ಕು ಕಿಲೋ ತಿನ್ನುತ್ತಿದೆ, ಬೆಳಿಗ್ಗೆ ಮನೆಯಲ್ಲಿ ನಲವತ್ತೊಂದಕ್ಕೂ ಮೇಲಿದ್ದೆ, ನನ್ನ ಮಗನೇ ಇದರ ರಿಪೇರಿಯವನು, ಬೇಕಾದರೆ ಕೇಳಿ ಎಂದು ದಬಾಯಿಸಿದಳು. ನರ್ಸಿನ ಪೆನ್ನು ನಿಂತಿತು. ಈ ಅಂಕಿ ನೋಡಿಯೇ ಔಷಧಿ ಬೆರೆಸುವುದು, ನಾಲ್ಕು ಕಿಲೋ ವ್ಯತ್ಯಾಸವೆಂದರೆ ಹುಡುಗಾಟವಲ್ಲ ಎಂದಳು. ಒಳಗೆ ಫೋನ್ ಮಾಡಿ ಔಷಧಿ ತಡೆಸಿದಳು. ಆಮೇಲೆ ಗುಲಗಂಜಿಯ ಕಡೆ ತಿರುಗಿ, ಕಲ್ಲುಗಳು ಇದ್ದರೆ ಈಗಲೇ ಪರೀಕ್ಷೆ ಮಾಡಿಕೊಡಿ, ನೀವು ಹೇಳಿದ ಹಾಗೆ ಮಾಡೋಣ ಎಂದಳು.

ಕಲ್ಲುಗಳು ಹೊರಗೆ ಗಾಡಿಯಲ್ಲೇ ಇದ್ದವು. ಇಪ್ಪತ್ತರ ಎರಡನ್ನು ಅವನು ಹೊತ್ತು ತಂದ. ದಿನಾ ಹೊರುವ ಕಲ್ಲುಗಳೇ. ಅಂದು ಬಾಗಿಲಲ್ಲಿ ಒಮ್ಮೆ ಇಳಿಸಿ ಮತ್ತೆ ಎತ್ತಿಕೊಂಡ. ತಾಯಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮಗನ ಕೆಲಸ ಎಲ್ಲರೂ ನೋಡಲಿ ಎಂಬಂತೆ ಕಾಯುತ್ತಿದ್ದಳು. ಒಂದು ಇಟ್ಟ, ಇಪ್ಪತ್ತು. ಇನ್ನೊಂದು ಇಟ್ಟ, ಸರಿಯಾಗಿ ನಲವತ್ತು. ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ.

ನರ್ಸ್ ಅವನ ಮುಖ ನೋಡಿದಳು. ಕಲ್ಲುಗಳು ಸವೆದಿವೆ, ಇವುಗಳನ್ನು ನಂಬಬೇಡಿ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಹಾಗೆಂದರೆ ನಲವತ್ತೊಂದರ ಔಷಧಿ ಮೂವತ್ತೇಳರ ಮೈಗೆ ಇಳಿಯುತ್ತದೆ.

"ಇದು ಸರಿ ಇದೆ, ಸಿಸ್ಟರ್. ಮನೇದು ನಾನೇ ಕೆಡಿಸಿದ್ದು."

ನರ್ಸ್ ಡಾಕ್ಟರನ್ನು ಕರೆಯಲು ಎದ್ದು ಹೋದಳು. ತಾಯಿ ಮಷೀನಿನ ಮೇಲಿದ್ದ ಕಲ್ಲುಗಳನ್ನೇ ನೋಡುತ್ತಿದ್ದಳು.

"ನಾನು ದಿನಾ ಶೂನ್ಯ ನೋಡ್ತಿದ್ನಲ್ಲೋ," ಎಂದಳು ಕೊನೆಗೆ.

ಅದನ್ನು ಮುಟ್ಟಿಲ್ಲ ಎಂದು ಅವನು ಹೇಳಿದ. ಹತ್ತೊಂಬತ್ತರ ಕಥೆ ಹೇಳಿದ, ಹದಿನೆಂಟರದ್ದೂ ಹೇಳಿದ. ಅವಳ ತುಟಿ ಅಲ್ಲಾಡಿತು. ಮನಸ್ಸಿನಲ್ಲೇ ಲೆಕ್ಕ ಹಾಕಿ, ಎರಡು ಕೀಮೊ ತಾನು ನಲವತ್ತರ ಕೆಳಗಿದ್ದೇ ತಗೊಂಡದ್ದು ಎಂದು ಕಂಡುಕೊಂಡಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಿನ್ನ ಬಿಡೋಕೆ ನನ್ನಿಂದ ಆಗ್ಲಿಲ್ಲಮ್ಮ," ಎಂದ.

"ಹಾಗಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ? ನನಗೋಸ್ಕರ ಇನ್ನೆರಡು ತಗೋ ಅಂತ ಒಂದು ಮಾತು ಕೇಳಿದ್ರೆ ತಗೋತಿರಲಿಲ್ವಾ ನಾನು? ನಲವತ್ತೇನು, ಮೂವತ್ತಾದ್ರೂ ತಗೋತಿದ್ದೆ."

ಇಷ್ಟು ದಿನದಲ್ಲಿ ಅವನಿಗೆ ಅದೊಂದು ಹೊಳೆದೇ ಇರಲಿಲ್ಲ. ಮಷೀನಿನ ಹೊಟ್ಟೆ ಎರಡು ಸಲ ಬಿಚ್ಚಿದವನು ತಾಯಿಯ ಹತ್ತಿರ ಒಂದು ಸಲ ಬಾಯಿಬಿಟ್ಟಿರಲಿಲ್ಲ.

"ಈಗ ಕೇಳು," ಎಂದಳು ಅವಳು. "ಕೇಳಿದ್ರೆ ಈಗ್ಲೂ ತಗೋತೀನಿ."

ತಮಾಷೆಗೆ ಹೇಳಿದ್ದಲ್ಲ. ಆಗಲೇ ರವಿಕೆಯ ತೋಳನ್ನು ಮೇಲಕ್ಕೆ ಮಡಚಲು ಶುರುಮಾಡಿದ್ದಳು. ಎರಡು ತಿಂಗಳಿಂದ ಬರೀ ಅಂಕಿ ನೋಡುತ್ತಾ ಬಂದವನು ಅವಳ ಕೈಯನ್ನು ಈಗ ನೋಡಿದ. ಸೂಜಿ ಚುಚ್ಚಿದ ಕಡೆಯೆಲ್ಲ ನೀಲಿ, ಮೊಣಕೈ ಮೂಳೆ ಎದ್ದು ನಿಂತಿತ್ತು, ಮಡಚಿದ ಬಟ್ಟೆ ಅಲ್ಲಿ ನಿಲ್ಲದೆ ಜಾರಿ ಬರುತ್ತಿತ್ತು. ಅವಳು ಮತ್ತೆ ಮತ್ತೆ ಅದನ್ನು ಮೇಲಕ್ಕೆ ಸರಿಸುತ್ತಿದ್ದಳು. ಅವನಿಗೆ ಕೇಳಬೇಕೆಂಬ ಆಸೆ ಎದೆಯೊಡೆಯುವಷ್ಟಿತ್ತು. ಕೇಳಲು ಬಾಯಿಯನ್ನೂ ತೆರೆದ.

"ಮನೆಗೆ ಹೋಗೋಣ, ಏಳಮ್ಮ," ಎಂದ.