ಚಾಚಾ ನೀರು ಕೇಳಿದಾಗ

ಕಳೆದ ವರ್ಷದ ರಂಜಾನ್ ತಿಂಗಳು, ರೋಜಾ ಉಪವಾಸದ ದಿನಗಳು. ಮುಳಬಾಗಿಲಿನಲ್ಲಿ ನಮ್ಮ ಪಕ್ಕದ ಮನೆ ಪ್ಯಾರೇಜಾನ್ ಚಾಚಾ ಅವರದು. ಮನೆ ಮುಂದೆಯೇ ಅವರ ಗ್ರಿಲ್ ವರ್ಕ್‌ಶಾಪ್. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನಾಲಿಗೆ ಹರಿತವಾಗಿದ್ದ ನಾನು ಅವರನ್ನೂ ಬಿಡುತ್ತಿರಲಿಲ್ಲ.

"ಈ ಬಿಸಿಲಲ್ಲಿ ವೆಲ್ಡಿಂಗ್ ಮಾಡ್ಕೊಂಡು ನೀರೂ ಕುಡಿಯಲ್ಲ ಅಂದ್ರೆ ಏನ್ ಲಾಜಿಕ್ಕು ಚಾಚಾ?"

"ಲಾಜಿಕ್ಕು ನೀನೇ ಇಟ್ಕೊಳಮ್ಮ, ರೋಜಾ ನಾನು ಇಟ್ಕೋತೀನಿ" ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಗ್ರೈಂಡರಿನ ಚಕ್ರ ಒಡೆದು, ಅದರ ಚೂರು ಅವರ ತೊಡೆಯನ್ನು ಸೀಳಿತು. ಚಾಚಿಯ ಕೂಗು ಕೇಳಿ ಓಡಿದೆ. ದುಪಟ್ಟಾ ಮಡಚಿ ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿದೆ. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಒದ್ದಾಡುತ್ತಿದ್ದ ಚಾಚಾ ಸ್ವಲ್ಪ ಹೊತ್ತಿಗೆ ಸುಮ್ಮನಾದರು.

"ನೋವು ಕಮ್ಮಿ ಆಯ್ತು ಅನ್ಸುತ್ತೆ" ಎಂದರು ಎದುರುಮನೆಯ ಮುನಿಯಮ್ಮಜ್ಜಿ.

ನನಗೆ ಭಯವಾದದ್ದು ಆಗಲೇ. ಕಾಲೇಜಿನ ಕ್ಯಾಂಪಿನಲ್ಲಿ ನಿವೃತ್ತ ಸುಬೇದಾರರೊಬ್ಬರು ಯುದ್ಧಭೂಮಿಯ ಪ್ರಥಮ ಚಿಕಿತ್ಸೆ ಹೇಳಿಕೊಟ್ಟಿದ್ದರು. ಕೂಗುವವನಿಗಿಂತ ಮೊದಲು ಸುಮ್ಮನಾದವನನ್ನು ನೋಡಿ ಎಂದಿದ್ದರು. ಗಾಯ ಒತ್ತುವುದನ್ನು ಚಾಚಿಗೆ ಒಪ್ಪಿಸಿ ಚಾಚಾರ ಕೈ ಹಿಡಿದೆ. ನಾಡಿ ಓಡುತ್ತಿತ್ತು, ಆದರೆ ಬೆರಳಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಹಣೆಯ ಮೇಲೆ ತಣ್ಣನೆಯ ಬೆವರು. ರಕ್ತ ಹೋಗಿ ದೇಹ ಶಾಕ್‌ಗೆ ಜಾರುತ್ತಿತ್ತು. ಅಂಗಾತ ಮಲಗಿಸಿ, ಕಾಲ ಕೆಳಗೆ ದಿಂಬುಗಳನ್ನಿಟ್ಟು, ಕಂಬಳಿ ಹೊದಿಸಿದೆ.

"ಪಾನಿ" ಎಂದರು ಚಾಚಾ, ಕೇಳಿಸೀ ಕೇಳಿಸದಂತೆ.

ಮುನಿಯಮ್ಮಜ್ಜಿ ಲೋಟ ತಂದೇಬಿಟ್ಟರು. ನಾನು ತಡೆದೆ. "ಬೇಡಜ್ಜಿ, ವಾಂತಿ ಆದ್ರೆ ಉಸಿರಿಗೆ ಸಿಕ್ಕೊಳ್ಳುತ್ತೆ. ಆಪರೇಷನ್ನೂ ಮಾಡ್ಬೇಕಾಗ್ಬೋದು."

"ಹೋಗೋ ಜೀವ ನೀರು ಕೇಳಿದ್ರೆ ಬೇಡ ಅಂತೀಯಲ್ಲೇ, ನಿಂದು ಎಂಥಾ ಕರುಳೇ?"

ಚಾಚಿಯೂ ಅಳುತ್ತಾ, "ಕೊಟ್ಬಿಡಮ್ಮ. ಜೀವ ಉಳಿದ್ರೆ ರೋಜಾ ಆಮೇಲೂ ಇಡಬೋದು" ಎಂದರು.

ಚಾಚಾರ ಕಣ್ಣು ಲೋಟದ ಮೇಲಿತ್ತು. ನನ್ನ ವಾದಗಳು ಅಲ್ಲಿಗೆ ಮುಗಿದವು. ಬಗ್ಗಿ ಅವರ ಕಿವಿಯ ಹತ್ತಿರ ಹೇಳಿದೆ: "ಚಾಚಾ, ಇನ್ನೂ ಸಂಜೆ ಆಗಿಲ್ಲ. ಇವತ್ತಿನ ರೋಜಾ ಬಿಡ್ಬೇಡಿ."

ಅವರು ನನ್ನನ್ನೇ ನೋಡಿದರು. ಆಮೇಲೆ ತುಟಿ ಮುಚ್ಚಿ ಮುಖವನ್ನು ಲೋಟದಿಂದ ಆಚೆಗೆ ತಿರುಗಿಸಿದರು. ಆಂಬುಲೆನ್ಸ್ ಬರುವವರೆಗೂ ಏನೇನೋ ಮಾತಾಡಿಸುತ್ತಾ ಕೂತೆ. ಹೂಂ ಎಂದರೇ ಹೊರತು ನೀರು ಮತ್ತೆ ಕೇಳಲಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ಆಪರೇಷನ್ ಮಾಡಿದರು. ಉಳಿಸಿದ್ದು ಡಾಕ್ಟರು. ಅದರಲ್ಲಿ ನನ್ನ ಪಾಲೂ ಇದೆ ಎನ್ನಲು ನನ್ನ ಬಳಿ ಪುರಾವೆಯಿಲ್ಲ.

ಡ್ರಿಪ್ ಹಾಕಿದ್ದರಿಂದ ಆ ದಿನದ ರೋಜಾ ಮುರಿಯಿತಂತೆ. ಗಾಯ ಮಾಗಿ, ಡಾಕ್ಟರು ಒಪ್ಪಿದ ಮೇಲೆ, ಚಾಚಾ ಅದರ ಬದಲಿಗೆ ಒಂದು ದಿನ ರೋಜಾ ಇಟ್ಟರು. ಅಂದು ನಾನೂ ಸಂಜೆಯವರೆಗೆ ನೀರು ಮುಟ್ಟಲಿಲ್ಲ. "ನಿನಗೇನಾಯ್ತೇ?" ಎಂದು ಅಮ್ಮ ಕೇಳಿದರು. "ಲಾಜಿಕ್ಕು ಕೇಳ್ಬೇಡಮ್ಮ" ಎಂದೆ. ಆ ಲಾಜಿಕ್ಕನ್ನು ನಾನು ಈಗಲೂ ಹುಡುಕುತ್ತಿಲ್ಲ.