ಹದಿನೇಳನೇ ವಂಶದ ಇಲಿಗಳ ಹಲ್ಲು

2019ರಲ್ಲಿ ನಾನು ಮಧುಗಿರಿ–ಪಾವಗಡ ರಸ್ತೆಯ ಒಂದು ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಪಶುವೈದ್ಯೆ. ಅಲ್ಲಿನ ಇಲಿಗಳ ಪೂರ್ತಿ ಜವಾಬ್ದಾರಿ ನನ್ನದು. ನೆಂಟರು ‘ಇಲಿ ಡಾಕ್ಟ್ರಮ್ಮ’ ಎಂದು ಕಾಡಿಸುತ್ತಿದ್ದರು. ನಿಮಗಿಂತ ಅವೇ ವಾಸಿ ಎಂದು ನಾನೂ ತಿರುಗಿ ಅನ್ನುತ್ತಿದ್ದೆ.

ನಮ್ಮ ಕೆಲಸ ಹಿಮೋಫಿಲಿಯಾ ಕುರಿತದ್ದು. ಈ ಕಾಯಿಲೆಯವರಿಗೆ ಗಾಯವಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅದಕ್ಕೆ ಬೇಕಾದ ಜೀನ್ ಕೆಟ್ಟಿರುತ್ತದೆ. ಅದೇ ಕಾಯಿಲೆಯ ಇಲಿಗಳಿಗೆ ಮನುಷ್ಯರ ಸರಿಯಾದ ಜೀನನ್ನು ಸೇರಿಸಿ ನೋಡುತ್ತಿದ್ದೆವು. ಅದನ್ನು ಹೊತ್ತೊಯ್ಯುವುದು ರೆಟ್ರೋವೈರಲ್ ವೆಕ್ಟರ್: ರೋಗ ತರುವ ಭಾಗಗಳನ್ನು ಕಿತ್ತುಹಾಕಿ, ಡಿಎನ್‌ಎ ಒಳಗೆ ನುಗ್ಗುವ ಶಕ್ತಿಯನ್ನಷ್ಟೇ ಉಳಿಸಿದ ವೈರಸ್. ಎಲ್ಲಿ ನುಗ್ಗುತ್ತದೆ ಎಂಬುದು ಮಾತ್ರ ನಮ್ಮ ಕೈಯಲ್ಲಿಲ್ಲ. ತಪ್ಪು ಜಾಗಕ್ಕೆ ಹೊಕ್ಕರೆ ಪಕ್ಕದ ಜೀನ್ ಕೆಡುತ್ತದೆ. ಎರಡು ವರ್ಷ ಹೆಣಗಿದ ಮೇಲೆ ಒಂದೇ ಒಂದು ವಂಶದಲ್ಲಿ ಆ ಜೀನ್ ಮರಿಗಳಿಗೂ ದಾಟಿ ಕೆಲಸ ಮಾಡಿತು. ಅದು ಹದಿನೇಳನೇ ವಂಶ.

ಆ ಬೇಸಿಗೆಯಲ್ಲಿ ಆ ವಂಶದ ಇಲಿಗಳು ಕುಂಟತೊಡಗಿದವು. ಎಕ್ಸ್-ರೇಯಲ್ಲಿ ಮೂಳೆಗಳು ವಿಪರೀತ ದಪ್ಪ. ಪಕ್ಕದ ಕೋಣೆಯ, ಜೀನ್ ಸೇರಿಸದ ಇಲಿಗಳು ಚೆನ್ನಾಗಿಯೇ ಇದ್ದವು.

“ವೆಕ್ಟರ್ ತಪ್ಪು ಜಾಗಕ್ಕೆ ಹೊಕ್ಕಿದೆ. ಸೋಮವಾರ ಅಷ್ಟನ್ನೂ ಮುಗಿಸಿಬಿಡಿ,” ಎಂದರು ನಿರ್ದೇಶಕರು.

ಕಾರಣ ತಿಳಿಯದೆ ಕೊಲ್ಲುವುದಿಲ್ಲ ಎಂದು ಹಟ ಹಿಡಿದು, ಒಂದೊಂದನ್ನೂ ಕೈಗೆತ್ತಿಕೊಂಡು ಪರೀಕ್ಷಿಸಿದೆ. ಇಲಿಯ ಬಾಚಿಹಲ್ಲು ಹಳದಿಯಾಗಿರಬೇಕು. ಇವುಗಳ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಪಟ್ಟೆಗಳಿದ್ದವು. ಪಟ್ಟೆ ಹಲ್ಲು ನನಗೆ ಹೊಸದೇ? ನಾನು ಬಲಸಮುದ್ರದ ಕಡೆಯವಳು, ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಕುಡಿದು ಬೆಳೆದವಳು. ನನ್ನ ಹಲ್ಲೂ ಪಟ್ಟೆಯದೇ.

ಆದರೆ ಇಲಿಗಳಿಗೆ ಕೊಡಬೇಕಾದದ್ದು ಆರ್‌ಒ ಯಂತ್ರದಲ್ಲಿ ಶುದ್ಧವಾದ ನೀರು. ಹದಿನೇಳನೇ ವಂಶದ ಕೋಣೆಯನ್ನಷ್ಟೇ ನೋಡಿಕೊಳ್ಳುತ್ತಿದ್ದ ಹನುಮಕ್ಕನನ್ನು ಕೇಳಿದೆ. ಆಕೆ ಹಿತ್ತಿಲಿನ ಡ್ರಮ್ ತೋರಿಸಿದಳು. ಯಂತ್ರ ಬೇಡವೆಂದು ಹೊರಚೆಲ್ಲುವ ನೀರನ್ನು ಅದರಲ್ಲಿ ಹಿಡಿದಿಟ್ಟಿದ್ದಳು.

“ಕರೆಂಟ್ ಹೋದಾಗ ಒಳ್ಳೇ ನೀರು ಸಾಲ್ತಿರ್ಲಿಲ್ಲ ಮೇಡಂ. ಇದೂ ಕನ್ನಡಿ ಇದ್ದಂಗೈತೆ. ನಮ್ ಸೀಮೇಲಿ ಇಂಥ ನೀರ್ನ ಮೋರಿಗೆ ಬುಟ್ರೆ ಸಿವ ಮೆಚ್ತಾನಾ?”

ಕೋಪ ನೆತ್ತಿಗೇರಿತ್ತು. ಆದರೆ ಏನೆಂದು ಬೈಯಲಿ? ನಮ್ಮಮ್ಮ ಆಗಿದ್ದರೂ ಅದನ್ನೇ ಮಾಡುತ್ತಿದ್ದಳು. ಯಂತ್ರ ಶೋಧಿಸಿ ತೆಗೆದ ಫ್ಲೋರೈಡೆಲ್ಲ ಆ ಡ್ರಮ್ಮಿಗೇ ಸೇರಿತ್ತು. ಹಲ್ಲಿಗೆ ಪಟ್ಟೆ ಎಳೆಯುವ ಅದೇ ಫ್ಲೋರೈಡ್ ಮೂಳೆಯನ್ನೂ ದಪ್ಪಗಟ್ಟಿಸುತ್ತದೆ.

ನಿರ್ದೇಶಕರು ಒಪ್ಪಲಿಲ್ಲ. ಹಲ್ಲನ್ನು ಕೆಡಿಸಿದ್ದೂ ಜೀನೇ ಇರಬಹುದು ಎಂದರು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ ಸಾರ್?” ಎಂದೆ. “ಇಲಿ ಹಲ್ಲು ಬುಡದಿಂದ ಬೆಳೀತಾನೇ ಇರುತ್ತೆ. ನೀರೊಂದನ್ನೇ ಬದಲಾಯಿಸ್ತೀನಿ. ತಪ್ಪು ಜೀನಿನದಾದರೆ ಹೊಸ ಹಲ್ಲಿಗೂ ಪಟ್ಟೆ ಬರುತ್ತೆ. ಆಗ ನಾನೇ ಕೊಲ್ತೀನಿ.”

ಆರು ವಾರ ಕೊಟ್ಟರು. ಗಡುವಿನ ದಿನ ಇಲಿಯ ಬಾಯಿ ಬಿಡಿಸಿದರೆ, ವಸಡಿನಿಂದ ಮೇಲೆ ಬಂದ ಹಲ್ಲೆಲ್ಲ ಅಚ್ಚ ಹಳದಿ! ನಿರ್ದೇಶಕರು ತಾವೇ ಭೂತಗನ್ನಡಿ ಹಿಡಿದು ನೋಡಿ, ಕೊಲ್ಲುವ ಆದೇಶವನ್ನು ರದ್ದು ಮಾಡಿದರು. ನಾನು ನನ್ನ ವಯಸ್ಸನ್ನೂ ಮರೆತು ಚಪ್ಪಾಳೆ ಹೊಡೆದುಬಿಟ್ಟೆ.

ಹನುಮಕ್ಕ ಮಾತ್ರ ನಗಲಿಲ್ಲ. ಕೆಲಸ ಹೋದೀತೆಂಬ ಭಯಕ್ಕೆ ಅಷ್ಟು ದಿನ ನುಂಗಿಕೊಂಡಿದ್ದ ಮಾತು ಆಗ ಹೊರಬಂತು.

“ಆ ಡ್ರಮ್ಮಿನ್ ನೀರ್ನ ಮನೆಗೂ ಹೊತ್ಕೊಂಡೋಗ್ತಿದ್ದೆ ಕಣಮ್ಮ. ನಮ್ ಮೊಮ್ಮಗಳು ಕುಡುದವ್ಳೆ, ನಾಕು ವರ್ಷ ಅವಳ್ಗೆ. ಅವಳ್ ಹಲ್ಲೂ ಇಂಗೇ ಸರಿಹೋಗ್ತದಾ?”

ಮನುಷ್ಯರ ಹಲ್ಲು ಹಾಗೆ ಮತ್ತೆ ಮತ್ತೆ ಬೆಳೆಯುವುದಿಲ್ಲ ಎಂದು ಹೇಳಲೇಬೇಕಾಯಿತು. ಹಾಲುಹಲ್ಲಿನ ಕೆಳಗೆ ಇನ್ನೂ ಕಟ್ಟುತ್ತಿರುವ ಹಲ್ಲಿಗಾದರೂ ಕಾಲ ಮಿಂಚಿಲ್ಲ ಎಂದೂ ಹೇಳಿದೆ. ಆ ಸಂಜೆಯೇ ಶುದ್ಧ ನೀರಿನ ಕ್ಯಾನನ್ನು ಆಕೆಯ ಮನೆಗೆ ಕಳಿಸಿದೆ. ಪ್ರಯೋಗದ ನೀರು ಮನೆಗೇಕೆ ಎಂದು ಕಚೇರಿಯವರು ತಕರಾರು ತೆಗೆದರು. ಇಲಿಗೆ ಆಗದ ನೀರು ಮಗುವಿಗೆ ಆಗುತ್ತದೆಯೇ ಎಂದು ಕೇಳಿ ಬಾಯಿ ಮುಚ್ಚಿಸಿದೆ. ನಾನು ನಿವೃತ್ತಳಾಗುವ ದಿನದವರೆಗೂ ಆ ಕ್ಯಾನ್ ತಪ್ಪಲಿಲ್ಲ. ಪ್ರಾಣಿ ಕಾಯಿಲೆ ಬಿದ್ದರೆ ಅದನ್ನು ಸಾಕುವವರ ಮನೆಯ ಬಿಂದಿಗೆಯನ್ನೂ ಬಗ್ಗಿ ನೋಡಬೇಕು. ಇದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ, ಕೆಲಸ ಕಲಿಸಿತು.